ಕೋರ್ಸಿನ ವಿಕಿಯಲ್ಲಿ ನನ್ನ ಮೊದಲ ತಿದ್ದುಪಡಿಗಳು

ಬೆಂಗಳೂರಿನ ಕೆರೆಗಳನ್ನು ಕುರಿತ ನಮ್ಮ ಕೋರ್ಸಿನಲ್ಲಿ ತರಗತಿಯವರೆಲ್ಲ ಸೇರಿ ಒಂದೇ ವಿಕಿಯನ್ನು ಬರೆದು ಬೆಳೆಸಬೇಕಾಗಿತ್ತು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶವನ್ನೇ ನಮ್ಮ ಮೇಷ್ಟ್ರು ಇದಕ್ಕೂ ಹಾಕಿಸಿದ್ದರು. ಖಾತೆ ತೆರೆದ ಮೇಲೂ ಒಂದು ವಾರ ನಾನು ಓದುತ್ತಲೇ ಉಳಿದೆ. ಸಹಪಾಠಿಯೊಬ್ಬರು ಬರೆದ ವಾಕ್ಯಕ್ಕೆ ಅವರನ್ನು ಕೇಳದೆ ಕೈಹಾಕಲು ಮನಸ್ಸು ಒಪ್ಪುತ್ತಿರಲಿಲ್ಲ.

ಕೊನೆಗೆ ಧರ್ಮಾಂಬುಧಿ ಕೆರೆಯ ಪುಟದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವು ಕೆರೆಯ 'ಪಕ್ಕದಲ್ಲಿ' ಇದೆ ಎಂದಿದ್ದುದನ್ನು 'ಅಂಗಳದಲ್ಲಿ' ಎಂದು ತಿದ್ದಿ, ಕೆಳಗಿನ ಸಾರಾಂಶದ ಜಾಗದಲ್ಲಿ ಕಾರಣವನ್ನೂ ಬರೆದು ಉಳಿಸಿದೆ. ಅದೇ ಪುಟದಲ್ಲಿ ಸಂಪಂಗಿ ಕೆರೆಯ ಹೆಸರಿನ ಎರಡೂ ಬದಿಗೆ ಎರಡೆರಡು ಚೌಕ ಆವರಣ ಹಾಕಿದಾಗ ಕೊಂಡಿಯು ಕೆಂಪು ಬಣ್ಣದಲ್ಲಿ ಮೂಡಿತು. ಆ ಹೆಸರಿನ ಪುಟ ಇನ್ನೂ ಇಲ್ಲವೆಂಬುದು ಅದರ ಅರ್ಥ. ಅದನ್ನೇ ಒತ್ತಿದರೆ ಬರೆಯಲು ಖಾಲಿ ಪುಟ ತೆರೆದುಕೊಳ್ಳುತ್ತದೆ. ಕೆರೆಯ ಬಹುಭಾಗ ಇಂದಿನ ಕಂಠೀರವ ಕ್ರೀಡಾಂಗಣವಾದುದನ್ನೂ ಉಳಿದ ಪುಟ್ಟ ಕೊಳಕ್ಕೂ ಕರಗದ ಆಚರಣೆಗೂ ಇರುವ ನಂಟನ್ನೂ ಅಲ್ಲಿ ಬರೆದೆ. ಖಾಲಿ ಪುಟದ ಮುಂದೆ ಕೂರುವುದಕ್ಕಿಂತ ಕೆಂಪು ಕೊಂಡಿಯಿಂದ ಆರಂಭಿಸುವುದು ಸುಲಭವೆಂದು ನನಗೆ ಈಗಲೂ ಅನ್ನಿಸುತ್ತದೆ, ಏಕೆಂದರೆ ಆ ಪುಟ ಎಲ್ಲಿ ಬೇಕಾಗಿದೆ ಎಂಬುದು ಮೊದಲೇ ಗೊತ್ತಿರುತ್ತದೆ.

ಆದರೆ ಮುಂದಿನ ವಾರ ದೊಡ್ಡ ತಪ್ಪು ಮಾಡಿದೆ. ಸಂಪಂಗಿ ಪುಟದ ಪಠ್ಯವನ್ನು ಮನೆಯ ಕಂಪ್ಯೂಟರಿಗೆ ನಕಲಿಸಿಕೊಂಡು, ಎರಡು ದಿನ ಅಲ್ಲೇ ಹಿಗ್ಗಿಸಿ, ಅನಂತರ ವಿಕಿಯ ಪುಟದಲ್ಲಿದ್ದುದನ್ನೆಲ್ಲ ಅಳಿಸಿ ನನ್ನದನ್ನು ಅಂಟಿಸಿದೆ. ಆ ಎರಡು ದಿನಗಳಲ್ಲಿ ಸಹಪಾಠಿಯೊಬ್ಬರು ಕೆರೆಗೆ ನೀರು ತರುತ್ತಿದ್ದ ಕಾಲುವೆಗಳ ಬಗ್ಗೆ ಸೇರಿಸಿದ್ದ ಇಡೀ ಪ್ಯಾರಾ ಹೋಯಿತು. ಇಬ್ಬರೂ ಒಂದೇ ಹೊತ್ತಿಗೆ ಪುಟ ತೆರೆದು ತಿದ್ದುತ್ತಿದ್ದರೆ ತಂತ್ರಾಂಶ ಎಚ್ಚರಿಸುತ್ತದೆ. ನಾನು ಹೊಸ ಪ್ರತಿಯನ್ನೇ ತೆರೆದು ಅಳಿಸಿದ್ದರಿಂದ ಯಾವ ಎಚ್ಚರಿಕೆಯೂ ಬರಲಿಲ್ಲ. ಪುಟದ ಹಳೆಯ ಆವೃತ್ತಿಗಳನ್ನೆಲ್ಲ ತೋರಿಸುವ 'ಇತಿಹಾಸ'ದಲ್ಲಿ ಎರಡು ಆವೃತ್ತಿಗಳನ್ನು ಹೋಲಿಸಿದಾಗ ಎಡಗಡೆ ಹಳದಿ ಅಂಚಿನೊಳಗೆ ಅವರ ಪ್ಯಾರಾ ಇತ್ತು, ಬಲಗಡೆ ಅದೇ ಜಾಗ ಖಾಲಿಯಿತ್ತು. ನನ್ನ ಬದಲಾವಣೆಯನ್ನು ರದ್ದುಮಾಡಿ, ಹೊಸ ಬರಹವನ್ನು ವಿಭಾಗವಾರು ಮತ್ತೆ ಸೇರಿಸಲು ಸಂಜೆಯೆಲ್ಲ ಹಿಡಿಯಿತು. ಅಂದಿನಿಂದ ಯಾವುದೇ ಪುಟವನ್ನು ಹೊರಗೆ ಬರೆದಿಟ್ಟುಕೊಳ್ಳದೆ, ಬೇಕಾದ ಒಂದು ವಿಭಾಗವನ್ನಷ್ಟೇ ತೆರೆದು ತಿದ್ದಿ ಆಗಾಗ ಉಳಿಸುತ್ತೇನೆ.

ಚರ್ಚೆಯ ಪುಟದಲ್ಲಿ ನಡೆದುದನ್ನು ತಿಳಿಸಿ ಕ್ಷಮೆ ಕೇಳಿ, ಸಹಿಗಾಗಿ ನಾಲ್ಕು ಟಿಲ್ಡೆ (~) ಚಿಹ್ನೆಗಳನ್ನು ಹಾಕಿದೆ. ಮರುದಿನ ಅದರ ಕೆಳಗೆ, "ಪರವಾಗಿಲ್ಲ, ಆ ಪ್ಯಾರಾಕ್ಕೆ ಆಧಾರವೊಂದು ಬೇಕಿತ್ತು, ನಿಮ್ಮಲ್ಲಿ ಇದೆಯೇ?" ಎಂಬ ಉತ್ತರವಿತ್ತು. ನನ್ನಲ್ಲಿ ಇರಲಿಲ್ಲ. ಶನಿವಾರ ಇಬ್ಬರೂ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಕೂತು ಹುಡುಕಿದೆವು. ಸಿಕ್ಕ ಪುಸ್ತಕದ ಹೆಸರನ್ನೂ ಪುಟಸಂಖ್ಯೆಯನ್ನೂ ಅವರು ಅಲ್ಲಿಂದಲೇ ಮೊಬೈಲಿನಲ್ಲಿ ಪ್ಯಾರಾದ ಕೊನೆಗೆ ಸೇರಿಸಿದರು.