ಮಳೆಗಾಲದ ಹಟ್ಟಿಯೊಳಗೆ ಹನಿ ನೀರು: ತೆಂಗಿನ ನಾರಿನ ಪುಡಿಯಲ್ಲಿ ನನ್ನ ಅನುಭವ

ಹೋದ ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು), ಹೊರಗೆ ಮೂರು ದಿನದಿಂದ ಬಿಡದೆ ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ನಮ್ಮ ಹಟ್ಟಿಯಿಂದ, ಅಂದರೆ ಹಳೆಯ ದನದ ಕೊಟ್ಟಿಗೆಯಿಂದ, 3 ಕಿಲೋ 800 ಗ್ರಾಂ ಬೇಸಿಲ್ ಕೊಯ್ದು ಮಣಿಪಾಲಕ್ಕೆ ಕಳುಹಿಸಿದೆ. ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿಯದೇ ಜಾತಿ, ಎಲೆ ಮಾತ್ರ ದೊಡ್ಡದು. ಒಂದು ಎಲೆಯಲ್ಲೂ ಕಪ್ಪು ಚುಕ್ಕೆ ಇರಲಿಲ್ಲ. ಎರಡು ಮಳೆಗಾಲ ಸೋತು, ಮೂರನೆಯದರಲ್ಲಿ ಕೈಗೆ ಬಂದ ಬೆಳೆ ಇದು. ತಾರಸಿಯಲ್ಲೋ ಜಗಲಿಯಲ್ಲೋ ಗ್ರೋ ಬ್ಯಾಗ್ ಇಟ್ಟು ಪರದಾಡುತ್ತಿರುವವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ನಮ್ಮ ಮನೆ ಉದ್ಯಾವರದಲ್ಲಿ, ಹೊಳೆಯಿಂದ ಕೂಗಳತೆ ದೂರ. ದನ ಮಾರಿದ ಮೇಲೆ ಹಟ್ಟಿ ಏಳೆಂಟು ವರ್ಷ ಸೌದೆ ತುಂಬುವ ಜಾಗವಾಗಿತ್ತು. ಸುಮಾರು 20 ಅಡಿ ಉದ್ದ, 12 ಅಡಿ ಅಗಲ. ಹಂಚಿನ ಮಾಡು, ನಡುನಡುವೆ ಆರು ಗಾಜಿನ ಹಂಚು. ಅದರಲ್ಲಿ ಅರ್ಧ ಜಾಗ ಖಾಲಿ ಮಾಡಿಸಿ, ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ತುಂಬಿದ 48 ಚೀಲ ಇಟ್ಟೆ. ಮಾವನಿಗೆ ಇದು ಮೊದಲಿನಿಂದಲೂ ಒಗ್ಗಲಿಲ್ಲ. ತೆಂಗಿನ ಸಿಪ್ಪೆ ಇರುವುದು ಬಚ್ಚಲಿನ ಹಂಡೆಯ ಒಲೆಗೆ, ಗಿಡ ನೆಡುವುದಕ್ಕಲ್ಲ ಎಂಬುದು ಅವರ ವಾದ. ಒಂದು ದಿನ ಬಾಗಿಲಲ್ಲಿ ನಿಂತು, "ಹೊರಗೆ ಆಕಾಶವೇ ಕಳಚಿ ಬೀಳುತ್ತಿದೆ, ನೀನು ಒಳಗೆ ಕುಳಿತು ನೀರಿಗೆ ಹನಿ ಲೆಕ್ಕ ಬರೆಯುತ್ತೀಯಲ್ಲ ಮಾರಾಯ್ತಿ" ಎಂದರು. ಮಲ್ಲಿಗೆ ಕಟ್ಟಲು ಸೇರುವ ನೆರೆಯ ಅಕ್ಕಂದಿರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಬೀಳುವ ಊರಿನಲ್ಲಿ ಹನಿ ನೀರಾವರಿ ಯಾಕೆ ಎಂಬುದು ಎಲ್ಲರ ಪ್ರಶ್ನೆ. ನೀರು ಕಡಿಮೆ ಎಂದು ನಾನು ಡ್ರಿಪ್ ಹಾಕಿದ್ದಲ್ಲ. ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಿಡವನ್ನು ಕೊಲ್ಲುವುದು ಹೆಚ್ಚಾದ ನೀರು, ಒದ್ದೆ ಎಲೆ, ಕೊಳೆತ ಬೇರು. ಎಲೆಗೆ ಒಂದು ತೊಟ್ಟೂ ತಾಗದಂತೆ, ಬೇರಿಗೆ ಬೇಕಾದಷ್ಟೇ ಕೊಡಲು ನನಗೆ ಗೊತ್ತಿರುವ ದಾರಿ ಇದೊಂದೇ.

ಮೊದಲ ಸೋಲು ಪುಡಿಯದು. ಒಂದು ನಾರಿನ ಮಿಲ್ಲಿನ ಹಿತ್ತಲಿನಿಂದ ಚೀಲಕ್ಕೆ 60 ರೂಪಾಯಿಯಂತೆ ಸಿಕ್ಕಿತು. ಕಪ್ಪಗೆ, ಹುಡಿ ಹುಡಿಯಾಗಿ, ನೋಡಲು ಚೆನ್ನಾಗಿತ್ತು. ಎರಡು ನೀರು ತೊಳೆದು ಸಸಿ ನೆಟ್ಟೆ. ಹನ್ನೆರಡನೆಯ ದಿನಕ್ಕೆ ಎಲೆಯ ಅಂಚೆಲ್ಲ ಕಾಗದ ಸುಟ್ಟಂತೆ ಕಂದಿತು. ಗೊಬ್ಬರ ಸಾಲದು ಎಂದು ತಿಳಿದು ಹೆಚ್ಚು ಕೊಟ್ಟೆ, ಉಳಿದದ್ದೂ ಹೋಯಿತು. ಆಮೇಲೆ ಒಂದು ಹಿಡಿ ಹಿಂಡಿ, ಬಿದ್ದ ನೀರಿಗೆ ಇಸಿ ಮೀಟರ್ (ನೀರಿನಲ್ಲಿ ಕರಗಿದ ಉಪ್ಪು, ಗೊಬ್ಬರ ಎಷ್ಟೆಂದು ತೋರಿಸುವ ಮೀಟರ್) ಅದ್ದಿದರೆ 4ರ ಮೇಲೆ ತೋರಿಸಿತು. ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆ ಹಾಕಿದ್ದ ಪುಡಿ ಅದು, ಉಪ್ಪು ನೆಲೆಯಾಗಿತ್ತು. 1,200 ರೂಪಾಯಿಯ ಬೀಜ, ಒಂದೂವರೆ ತಿಂಗಳ ಕೆಲಸ, ಎರಡೂ ಗೊಬ್ಬರದ ಗುಂಡಿಗೆ.

ಮುಂದಿನ ಸಲ ಪುಡಿಯನ್ನು ಒತ್ತಿ ಮಾಡಿದ 5 ಕಿಲೋ ಇಟ್ಟಿಗೆಗಳನ್ನೇ ತಂದೆ. ನೆನೆಸಿದರೆ ಒಂದೊಂದು 70 ಲೀಟರಿನಷ್ಟು ಉಬ್ಬುತ್ತದೆ. ಅದಕ್ಕೂ ಬಾವಿ ನೀರು ಸುರಿದು ಸುರಿದು ಸಾಕಾಯಿತು. ಹೊಳೆ ಹತ್ತಿರವಿರುವ ಬಾವಿ. ಏಪ್ರಿಲ್, ಮೇ ಬಂತೆಂದರೆ ನಾಲಗೆಗೇ ಉಪ್ಪು ಗೊತ್ತಾಗುತ್ತದೆ. ಉಪ್ಪು ತೊಳೆಯಲು ಉಪ್ಪು ನೀರು ಸುರಿದರೆ ಏನು ಬಂತು? ಆಗ ಹೊಳೆದದ್ದು ಮಾಡಿನ ನೀರು. ಮಳೆ ನೀರಿನ ಇಸಿ ಹೆಚ್ಚುಕಡಿಮೆ ಸೊನ್ನೆ. ಪುಡಿ ತುಂಬಿದ ಚೀಲಗಳನ್ನು ಜೂನ್ ಎರಡನೇ ವಾರ ಸೂರಿನಡಿ ಸಾಲಾಗಿ ಇಟ್ಟುಬಿಟ್ಟೆ. ಹಂಚಿನಿಂದ ಇಳಿಯುವ ಧಾರೆ ನೇರ ಚೀಲಕ್ಕೆ. ಮೊದಲ ದಿನ ಚೀಲದ ಬುಡದಿಂದ ಕಡು ಚಹಾದಂಥ ನೀರು ಇಳಿಯಿತು, ಮೂರನೇ ದಿನ ತಿಳಿ ಚಹಾ, ಆರನೇ ದಿನಕ್ಕೆ ಬಣ್ಣವೇ ಇಲ್ಲ. ಮೀಟರ್ 0.4. ಯಾವ ಮಳೆಯನ್ನು ತೋರಿಸಿ ಎಲ್ಲರೂ ಬೇಡ ಎಂದಿದ್ದರೋ, ಅದೇ ಮಳೆ ಕಾಸಿಲ್ಲದೆ ನನ್ನ ಕೆಲಸ ಮಾಡಿಕೊಟ್ಟಿತು. ನೀರಿಗೆ ಬಿಡದ ಸೋಡಿಯಂ, ಪೊಟ್ಯಾಷಿಯಂ ಇನ್ನೂ ಪುಡಿಗೆ ಅಂಟಿಕೊಂಡಿರುತ್ತವೆ. ಅದಕ್ಕೆ ಒಂದು ರಾತ್ರಿ ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ನೆನೆಸಿ ಮತ್ತೆ ತೊಳೆಯಬೇಕು. ಎಷ್ಟು ಹಾಕುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಆ ಅಳತೆ ಹಿಡಿಯಲು ನನಗೆ ಒಂದು ಇಡೀ ಮಳೆಗಾಲ ಹೋಗಿದೆ.

ಇನ್ನು ಪೈಪು. ಮೊದಲು ಕೂಲರಿನ ಪಂಪು, 16 ಎಂಎಂ ಲ್ಯಾಟರಲ್ (ಚೀಲಗಳ ಸಾಲಿನುದ್ದಕ್ಕೂ ಹೋಗುವ ಪೈಪು), ಕೆಂಪು ಟೊಪ್ಪಿಯ ತಿರುಗಿಸುವ ಡ್ರಿಪ್ಪರ್. ಒಂದಕ್ಕೆ 4 ರೂಪಾಯಿ ಎಂದು ಆಸೆಪಟ್ಟೆ. ಪಂಪಿನ ಹತ್ತಿರದ ಚೀಲ ಕೆಸರು, ಕೊನೆಯ ಚೀಲ ಒಣಗು. ತಿರುಗಿಸಿ ಸರಿ ಮಾಡಿದರೆ ಒಂದು ವಾರ ಸರಿ ಇರುತ್ತದೆ, ಆಮೇಲೆ ಯಥಾಪ್ರಕಾರ. ಕಣ್ಣಳತೆಯಲ್ಲಿ ಆಗದು ಎಂದು 48 ಕಾಗದದ ಲೋಟ ತಂದು ಪ್ರತಿ ಡ್ರಿಪ್ಪರಿನ ಕೆಳಗೂ ಒಂದೊಂದು ಇಟ್ಟು, ಸರಿಯಾಗಿ 3 ನಿಮಿಷ ಪಂಪು ಬಿಟ್ಟೆ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದೆ. ಒಂದು ಗ್ರಾಂ ಅಂದರೆ ಒಂದು ಮಿಲಿಲೀಟರ್, ಅಳತೆಯ ಜಾಡಿ ಬೇಕಿಲ್ಲ. ಒಂದು ಲೋಟದಲ್ಲಿ 180, ಇನ್ನೊಂದರಲ್ಲಿ 40. ನಾಲ್ಕು ಪಟ್ಟಿಗಿಂತ ಹೆಚ್ಚು ಅಂತರ. ಇಷ್ಟು ದಿನ ರೋಗ ಎಂದು ನಾನು ಔಷಧಿ ಹೊಡೆದದ್ದೆಲ್ಲ ಈ ಅಂತರಕ್ಕೆ.

ಒತ್ತಡ ಸರಿದೂಗಿಸಿ ಎಲ್ಲ ಕಡೆ ಒಂದೇ ಸಮ ಹನಿಸುವ ಡ್ರಿಪ್ಪರ್ ತೆಗೆದುಕೊಂಡೆ, ಗಂಟೆಗೆ 2 ಲೀಟರಿನದು, ಒಂದಕ್ಕೆ 14 ರೂಪಾಯಿಯೋ ಏನೋ. ಪಂಪು ನಿಂತ ಕೂಡಲೇ ಬಾಯಿ ಮುಚ್ಚಿಕೊಳ್ಳುವ ಜಾತಿಯದ್ದೇ ಬೇಕು ಎಂದು ಕೇಳಿ ತಂದೆ. ತಂದು ಹಾಕಿದರೆ ಕೂಲರಿನ ಪಂಪಿಗೆ ಅವುಗಳ ಬಾಯಿ ತೆರೆಯುವಷ್ಟು ಬಲವೇ ಇಲ್ಲ. ಎರಡು ಮೀಟರ್ ಎತ್ತುವ ಪಂಪು ಕೊಡುವ ಒತ್ತಡ ಎಲ್ಲಿಗೆ ಸಾಕು? ಅರ್ಧ ಎಚ್‌ಪಿ ಮೋಟಾರ್ ಹಾಕಿ ಎಂದು ಅಂಗಡಿಯವರು ಹೇಳಿದರು. ನನ್ನ ಕಣ್ಣು ಬಿದ್ದದ್ದು ಹಟ್ಟಿಯ ಮೂಲೆಯಲ್ಲಿ ಬಿದ್ದಿದ್ದ, ತೊಟ್ಟಿ ಒಡೆದ ಬ್ಯಾಟರಿ ಸ್ಪ್ರೇಯರಿನ ಮೇಲೆ. ಅದರೊಳಗಿನ 12 ವೋಲ್ಟಿನ ಪುಟ್ಟ ಪಂಪು ನಿಮಿಷಕ್ಕೆ ಮೂರು ಲೀಟರಿನಷ್ಟು ಕೊಡುತ್ತದೆ. ನನ್ನ 48 ಡ್ರಿಪ್ಪರಿಗೆ ಬೇಕಾದದ್ದು ಒಂದೂವರೆ ಲೀಟರ್ ಚಿಲ್ಲರೆ. ಮೊದಲು ಹೆಚ್ಚಾದ ಒತ್ತಡಕ್ಕೆ ಪಂಪು ಟಕ್ ಟಕ್ ಎಂದು ನಿಂತು ಹೊರಡುತ್ತಿತ್ತು. ಪೈಪಿಗೆ ಒಂದು ‘ಟಿ’ ಜೋಡಣೆ ಹಾಕಿ, ಮಿಕ್ಕ ನೀರು ಗೊಬ್ಬರದ ನೀರಿನ ಡ್ರಮ್ಮಿಗೇ ಮರಳುವಂತೆ ಪೈಪು ಕೊಟ್ಟು, ವಾಲ್ವ್ ತಿರುಗಿಸಿ ಒತ್ತಡದ ಗೇಜಿನಲ್ಲಿ ಚದರ ಸೆಂಟಿಮೀಟರಿಗೆ 1 ಕೆಜಿಗೆ ನಿಲ್ಲಿಸಿದೆ. ಸದ್ದೇ ಇಲ್ಲ. ಮತ್ತೆ ಲೋಟ ಇಟ್ಟು ತೂಗಿದರೆ ಎಲ್ಲ 96ರಿಂದ 103ರ ಒಳಗೆ. ಆ ರಾತ್ರಿ ಮನೆಯವರನ್ನು ಎಬ್ಬಿಸಿ ತೋರಿಸಿದೆ.

ಬ್ಯಾಟರಿಯ ಲಾಭ ಆಮೇಲೆ ತಿಳಿಯಿತು. ಜೂನಿನಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ದಿನಕ್ಕೆ ಹೆಚ್ಚೆಂದರೆ 18 ನಿಮಿಷ ಓಡುವ ಪಂಪಿಗೆ 7 ಆಂಪಿಯರ್ ಅವರಿನ ಸಣ್ಣ ಬ್ಯಾಟರಿಯೇ ಧಾರಾಳವಾಯಿತು. ಟೈಮರನ್ನೂ 12 ವೋಲ್ಟಿನದ್ದೇ ಹಾಕಿದ್ದೆ. ಬಿಸಿಲಿನ ಬದಲು ಹಾಕಿದ್ದ ಎಲ್‌ಇಡಿ ದೀಪ ಇಲ್ಲದೆ ಗಿಡ ಸ್ವಲ್ಪ ಮಂಕಾಯಿತೇ ಹೊರತು ಒಂದೂ ಬಾಡಲಿಲ್ಲ.

ಡ್ರಮ್ಮನ್ನು ನೆಲದಲ್ಲೇ ಇಡಿ. ನಾನು ಮೊದಲ ವರ್ಷ ಅಟ್ಟದ ಮೇಲಿಟ್ಟಿದ್ದೆ. ಪಂಪು ನಿಂತ ಮೇಲೂ ನೀರು ತಾನಾಗಿ ಇಳಿಯುತ್ತಲೇ ಇತ್ತು. ಬೆಳಿಗ್ಗೆ ನೋಡಿದರೆ 100 ಲೀಟರ್ ಗೊಬ್ಬರದ ನೀರು ಹಟ್ಟಿಯ ನೆಲದಲ್ಲಿ, ಡ್ರಮ್ಮು ಖಾಲಿ.

ಡ್ರಮ್ಮಿನ ನೀರಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಇಳಿಸಲು ಒಮ್ಮೆ ಪುನರ್ಪುಳಿ (ಕೋಕಂ) ಪ್ರಯೋಗವನ್ನೂ ಮಾಡಿದೆ. ಹಿತ್ತಲಿನಲ್ಲಿ ಮರವಿದೆ, ಒಣಗಿಸಿದ ಸಿಪ್ಪೆ ಡಬ್ಬಿ ತುಂಬ ಇದೆ, ಆಮ್ಲಕ್ಕೆ ದುಡ್ಡು ಯಾಕೆ ಎನ್ನಿಸಿತು. ನೆನೆಸಿ ಸೋಸಿ ಹಾಕಿದೆ. ಮೊದಲ ದಿನ ಪಿಎಚ್ 5.8, ನೋಡಲು ಬಲು ಚೆಂದ. ಎರಡು ದಿನದಲ್ಲಿ 6.9ಕ್ಕೆ ಏರಿತು, ಡ್ರಮ್ಮಿನ ಗೋಡೆಯಲ್ಲೆಲ್ಲ ಲೋಳೆ. ಹಣ್ಣಿನ ಸಕ್ಕರೆಗೂ ಹುಳಿಗೂ ಜೀವಾಣು ಮುತ್ತಿಕೊಂಡು ತಿಂದು ಬೆಳೆಯುತ್ತವೆ, ಹುಳಿ ತೀರುತ್ತದೆ, ಲೋಳೆ ಉಳಿಯುತ್ತದೆ. ಫಿಲ್ಟರಿನ ಬಿಲ್ಲೆಗಳನ್ನು ಒಂದೊಂದಾಗಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಬೇಕಾಯಿತು. ಈಗ ಫಾಸ್ಫಾರಿಕ್ ಆಮ್ಲ ಕೆಲವೇ ಹನಿ. ಪುನರ್ಪುಳಿ ಸಾರು ಮಾಡಲು ಮಾತ್ರ.

ನೀರು ಬಿಡುವ ಕ್ರಮ ಇಷ್ಟು: ಬೇಸಿಗೆಯಲ್ಲಿ ದಿನಕ್ಕೆ ಆರು ಸಲ, 3 ನಿಮಿಷ. ಆಟಿಯಲ್ಲಿ ಮೂರು ಅಥವಾ ನಾಲ್ಕು ಸಲ. ಬೆಳಕು ಬಂದು ಒಂದು ಗಂಟೆಯ ಮೇಲೆ ಮೊದಲನೆಯದು; ಸಂಜೆ ನಾಲ್ಕರ ನಂತರ ಇಲ್ಲ. ಇಸಿ 1.4ರ ಸುತ್ತ. ಆದರೆ ಈ ಅಂಕಿಗಳನ್ನು ಹಾಗೆಯೇ ಎತ್ತಿಕೊಂಡರೆ ಪ್ರಯೋಜನವಿಲ್ಲ, ಬಸಿದ ನೀರನ್ನು ಅಳೆಯಬೇಕು. ಚೀಲಗಳ ಕೆಳಗೆ ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆ ಇಟ್ಟಿದ್ದೆ. ಒಂದೇ ವರ್ಷಕ್ಕೆ ಕುಂಬಾಯಿತು, ಈಗ ಸೀಳಿದ ಪಿವಿಸಿ ಪೈಪು. ಎಲ್ಲ ನೀರೂ ಬಂದು ಒಂದು ಬಕೆಟ್ಟಿಗೆ ಬೀಳುತ್ತದೆ. ಕೊಟ್ಟದ್ದರಲ್ಲಿ ಆರನೆಯ ಒಂದು ಪಾಲು ಬಕೆಟ್ಟಿಗೆ ಬಂದರೆ ಸರಿ. ಏನೂ ಬಾರದಿದ್ದರೆ ಒಳಗೆ ಉಪ್ಪು ಕಟ್ಟುತ್ತಿದೆ ಎಂದರ್ಥ, ಮೂರನೆಯ ಒಂದು ಪಾಲು ಬಂದರೆ ಗೊಬ್ಬರದ ದುಡ್ಡು ಚರಂಡಿಗೆ. ಬಸಿದ ನೀರಿನ ಇಸಿ 2.2 ದಾಟಿದ ದಿನ ಬರೀ ಮಳೆ ನೀರು ಬಿಡುತ್ತೇನೆ. ಬಕೆಟ್ಟಿನ ನೀರು ತೆಂಗಿನ ಬುಡಕ್ಕೆ. ಆ ಬಕೆಟ್ಟನ್ನು ಈಗ ದಿನವೂ ಅಳೆಯುವವರು ಮಾವ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಹಾಕಿ ಬರೆಯುತ್ತಾರೆ: ಕೊಟ್ಟದ್ದು 18, ಬಂದದ್ದು 3. ನಾನು ಕೇಳಿಕೊಂಡದ್ದಲ್ಲ.

ಪುಡಿಯ ಮೇಲೆ ಹಾರುವ ಸಣ್ಣ ಕಪ್ಪು ನೊಣಕ್ಕೆ ಹಳದಿ ಅಂಟು ಹಾಳೆ ಎಲ್ಲರೂ ಹಾಕುತ್ತಾರೆ, ನಾನೂ ಹಾಕಿದ್ದೇನೆ. ಅದರ ಜೊತೆಗೆ ಪುಡಿಯ ಮೇಲೆ ಅರ್ಧ ಅಂಗುಲ ಬೇರೊಂದು ವಸ್ತು ಹರಡುತ್ತೇನೆ, ಮೊಟ್ಟೆ ಇಡಲು ಜಾಗ ಸಿಗುವುದಿಲ್ಲ. ಅದೇನೆಂದು ಹಟ್ಟಿಗೆ ಬಂದು ನೋಡಿದವರಿಗೆ ಗೊತ್ತಾಗುತ್ತದೆ.

ದುಡ್ಡಿನ ವಿಷಯ. ದೀಪಕ್ಕೆ ಹೆಚ್ಚು ಹೋಯಿತು: 100 ವ್ಯಾಟಿನ ಆರು ಎಲ್‌ಇಡಿ, ಸುಮಾರು 17,000 ರೂಪಾಯಿ. ಪೈಪು, ಡ್ರಿಪ್ಪರ್, ಫಿಲ್ಟರ್, ಟೈಮರ್, ಬ್ಯಾಟರಿ ಸೇರಿ 5,000ದ ಹತ್ತಿರ. ಪಂಪು ಹಳೆಯದು. ಮೀಟರುಗಳು 2,500. ಎರಡು ಫ್ಯಾನು, ಚೀಲ, ಪುಡಿ, ಚಿಲ್ಲರೆ ಎಲ್ಲ ಕೂಡಿ 6,000. ಮೊದಲ ಎರಡು ವರ್ಷ ಹಾಳು ಮಾಡಿದ್ದು ಬೇರೆಯೇ 9,000 ಇರಬೇಕು. ಲೆಕ್ಕಕ್ಕೆ ಬಾರದೆ ಬಂದ ಪೆಟ್ಟು ಕರೆಂಟಿನದು. ದಿನಕ್ಕೆ 12 ಗಂಟೆ ದೀಪ ಉರಿದರೆ ತಿಂಗಳಿಗೆ ದೀಪದ್ದೇ 216 ಯೂನಿಟ್. ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿದ್ದ ಬಿಲ್ಲು, 200 ದಾಟಿದ್ದರಿಂದ ಪೂರ್ತಿ ಕಟ್ಟಬೇಕಾಯಿತು. ಮನೆಯದೂ ಸೇರಿ 2,000 ದಾಟಿದ ಆ ಕಾಗದವನ್ನು ಯಜಮಾನರು ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ಈಗ ಗಾಜಿನ ಹಂಚು ಆರರಿಂದ ಹದಿನಾಲ್ಕಕ್ಕೆ ಏರಿಸಿದ್ದೇನೆ. ಅಕ್ಟೋಬರಿನಿಂದ ಮೇವರೆಗೆ ದೀಪ ಹಾಕುವುದೇ ಇಲ್ಲ. ಮಳೆಗಾಲದಲ್ಲಿ ವಾರಕ್ಕೆ ಮೂರೂವರೆ ಕಿಲೋ ಎಲೆ, ಕಿಲೋಗೆ 350ರಂತೆ ಎರಡು ಅಂಗಡಿಗಳಿಗೆ. ತಿಂಗಳಿಗೆ 4,900 ಬಂದರೆ ಕರೆಂಟ್, ಗೊಬ್ಬರ ಕಳೆದು ಎರಡು ಸಾವಿರದ ಮೇಲೆ ಕೈಯಲ್ಲಿ ಉಳಿಯುತ್ತದೆ. ಮಲ್ಲಿಗೆ ಹೂ ಸಿಗದ ತಿಂಗಳುಗಳಲ್ಲಿ ಅದು ನನಗೆ ಸಣ್ಣ ಮೊತ್ತವಲ್ಲ.

ನಾಲ್ಕು ಚೀಲಗಳಲ್ಲಿ ಮಟ್ಟುಗುಳ್ಳವನ್ನೂ (ಮಟ್ಟು ಊರಿನ ಗುಂಡು ಬದನೆ) ಹಾಕಿ ನೋಡಿದೆ. ಮಟ್ಟು ನಮ್ಮಿಂದ ಹೆಚ್ಚು ದೂರವಿಲ್ಲ, ಬೀಜ ಅಲ್ಲಿಯದೇ. ಗಿಡ ಬಲವಾಗಿ ಬಂತು, ಕಾಯಿಯೂ ಗುಂಡಗೆ, ತಿಳಿಹಸಿರು ಗೆರೆಯ ಸಮೇತ ಬಿಟ್ಟಿತು. ಹುಳಿ ಮಾಡಿದಾಗ ಅತ್ತೆ ಒಂದು ತುತ್ತು ತಿಂದು, "ಇದು ಗುಳ್ಳದ ರೂಪ, ಗುಳ್ಳ ಅಲ್ಲ" ಎಂದರು. ಅವರ ಮಾತು ಸರಿ. ತೊಗಟೆ ದಪ್ಪ, ತಿರುಳು ಸಪ್ಪೆ. ಆ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಮಟ್ಟಿನ ನೆಲದ ಹೆಸರಿನಲ್ಲಿ. ಆ ನೆಲವನ್ನು ನನ್ನ ಡ್ರಮ್ಮಿನಲ್ಲಿ ಕಲಸಲು ಆಗುವುದಿಲ್ಲ. ಗುಳ್ಳ ಅಲ್ಲಿಯದೇ ಕೊಂಡು ತಿನ್ನುತ್ತೇವೆ. ಗಾಂಧಾರಿ ಮೆಣಸು ಮಾತ್ರ ನಾರಿನ ಪುಡಿಗೆ ಹೇಳಿ ಮಾಡಿಸಿದಂತಿದೆ, ಖಾರವೂ ಇಳಿದಿಲ್ಲ. ಮುಂದಿನ ಸಾಲು ಅದರದೇ.

ಸದ್ಯ ಉಳಿದರ್ಧ ಹಟ್ಟಿಗೆ 24 ಚೀಲ ಸೂರಿನಡಿ ನೆನೆಯುತ್ತಿವೆ, ನಿನ್ನೆ ಇಸಿ 0.7ಕ್ಕೆ ಬಂದಿದೆ. ಲೋಟದ ಪರೀಕ್ಷೆಯನ್ನು ತಿಂಗಳಿಗೊಮ್ಮೆ ತಪ್ಪದೆ ಮಾಡುತ್ತೇನೆ. ಇವತ್ತಿನದರಲ್ಲಿ ಮೂರನೇ ಸಾಲಿನ ಏಳನೆಯ ಡ್ರಿಪ್ಪರ್ 82ಕ್ಕೆ ಇಳಿದಿದೆ. ನಾಳೆ ಬೆಳಿಗ್ಗೆ ಮೊದಲ ನೀರಿಗೆ ಮುಂಚೆ ಅದನ್ನು ಬದಲಿಸಬೇಕು.