ಮಂಗಳವಾರವೇ ನನ್ನ ಭಾನುವಾರ

ಚರ್ಚಿನಲ್ಲಿ ಆರಾಧನೆಯ ನಡುವೆ ನಿಂತುಕೊಂಡೇ ನಿದ್ದೆ ಹೋಗಿದ್ದೆ. ಕೈಯಲ್ಲಿದ್ದ ಸಂಗೀತ ಪುಸ್ತಕ ನೆಲಕ್ಕೆ ಬಿದ್ದ ಸದ್ದಿಗೆ ಎಚ್ಚರವಾಯಿತು. ಹಾಡುವವರ ತಂಡದಲ್ಲಿ, ಅಂದರೆ ಕಾಯರ್‌ನಲ್ಲಿ, ಮೊದಲ ಸಾಲಿನಲ್ಲಿ ನಿಂತವಳು ನಾನು. ಇಡೀ ಸಭೆ ನೋಡಿತು. ಪಕ್ಕದಲ್ಲಿದ್ದ ಆಂಟಿ ಪುಸ್ತಕ ಎತ್ತಿಕೊಟ್ಟು, "ನೈಟ್ ಡ್ಯೂಟಿನಾ?" ಅಂತ ಮೆಲ್ಲಗೆ ಕೇಳಿದರು. ಹೌದು ಅಂದೆ. ಆದರೆ ವಿಷಯ ಅಷ್ಟೇ ಆಗಿರಲಿಲ್ಲ.

ನಾನು ಬೆಂಗಳೂರಿನಲ್ಲಿ ನರ್ಸ್. ಊರು ಮಂಗಳೂರು. ತಿಂಗಳಿಗೆ ಎಂಟು ಹತ್ತು ನೈಟ್ ಬೀಳುತ್ತದೆ. ಉಳಿದ ಹೊತ್ತಿನಲ್ಲಿ ಕಾಯರ್ ಪ್ರಾಕ್ಟೀಸ್, ಸಂಡೇ ಸ್ಕೂಲ್, ಸ್ತ್ರೀ ಸಮಾಜದ ಲೆಕ್ಕ, ಬುಧವಾರದ ಪ್ರಾರ್ಥನೆ ಕೂಟಕ್ಕೆ ಕಾಫಿ. ಯಾರೂ ಬಲವಂತ ಮಾಡಿರಲಿಲ್ಲ. ಆಗಲ್ಲ ಅನ್ನೋಕೆ ನನಗೇ ಬರುತ್ತಿರಲಿಲ್ಲ. ನಾನಿಲ್ಲದಿದ್ದರೆ ಇದೆಲ್ಲ ನಿಂತೇಹೋಗುತ್ತದೆ ಅನ್ನುವ ಜಂಬವೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಒಳಗೆ ಮಾತ್ರ ಬಾವಿ ಬತ್ತಿತ್ತು. ಕರ್ತನ ಪ್ರಾರ್ಥನೆ ಬಾಯಲ್ಲಿ ತಾನಾಗೇ ಓಡುತ್ತಿತ್ತು. ತಲೆಯಲ್ಲಿ ಯಾವ ಬೆಡ್ಡಿನ ಡ್ರಿಪ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವ ಲೆಕ್ಕ. ನಂಬಿಕೆ ಕಮ್ಮಿಯಾಗಿದೆ ಅಂತ ನಾನೇ ತೀರ್ಮಾನ ಮಾಡಿದೆ. ಮದ್ದನ್ನೂ ನಾನೇ ಬರೆದುಕೊಂಡೆ: ಬೆಳಗಿನ ನಾಲ್ಕಕ್ಕೆ ಎದ್ದು ಒಂದು ಗಂಟೆ ಪ್ರಾರ್ಥನೆ, ಶುಕ್ರವಾರ ಉಪವಾಸ. ಮೂರನೇ ವಾರ ವಾರ್ಡಿನಲ್ಲಿ ತಲೆ ಸುತ್ತಿ ಗೋಡೆ ಹಿಡಿದುಕೊಂಡೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.6, ತೀರಾ ಕಮ್ಮಿ. ದಿನಾ ಬೇರೆಯವರ ರಿಪೋರ್ಟ್ ನೋಡುವವಳು ನನ್ನದನ್ನು ಎರಡು ವರ್ಷದಿಂದ ನೋಡಿರಲಿಲ್ಲ.

ಪಾಸ್ಟರ್ ಅಯ್ಯನ ಹತ್ತಿರ ಹೋಗಿ ಅತ್ತೆ. ಉಪದೇಶ ಬರುತ್ತದೆ ಅಂದುಕೊಂಡಿದ್ದೆ. ಅವರು, "ಮೊದಲು ಮನೆಗೆ ಹೋಗಿ ನಿದ್ದೆ ಮಾಡಮ್ಮ. ಎದ್ದ ಮೇಲೆ ಒಂದನೇ ಅರಸುಗಳು ಹತ್ತೊಂಬತ್ತನೇ ಅಧ್ಯಾಯ ಓದು" ಅಂದರು, ಅಷ್ಟೇ.

ಬೈಬಲಿನ ಪ್ರವಾದಿ ಎಲೀಯನ ಕಥೆ. ಸಂಡೇ ಸ್ಕೂಲ್ ಮಕ್ಕಳಿಗೆ ನಾನೇ ಎಷ್ಟೋ ಸಲ ಹೇಳಿದ್ದೆ. ಆದರೆ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಬೀಳುವಲ್ಲಿಗೆ ನಿಲ್ಲಿಸಿಬಿಡುತ್ತಿದ್ದೆ, ಮಕ್ಕಳಿಗೆ ಅದೇ ಇಷ್ಟ. ಮುಂದಿನ ಅಧ್ಯಾಯದಲ್ಲಿ ಅದೇ ಎಲೀಯ ರಾಣಿಗೆ ಹೆದರಿ ಓಡುತ್ತಾನೆ. ಕಾಡಿನಲ್ಲಿ ಒಂದು ದಿನದ ದಾರಿ ನಡೆದು, ಜಾಲಿ ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ದೇವರಿಗೆ ಹೇಳಿ ಮಲಗಿಬಿಡುತ್ತಾನೆ. ದೇವದೂತ ಬರುತ್ತಾನೆ. ಬೈಯುವುದಿಲ್ಲ, ನಂಬಿಕೆ ಎಲ್ಲಿ ಹೋಯಿತು ಅಂತ ಕೇಳುವುದಿಲ್ಲ. ಮುಟ್ಟಿ ಎಬ್ಬಿಸಿ, ಎದ್ದು ತಿನ್ನು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ! ದೂತ ಎರಡನೇ ಸಲ ಎಬ್ಬಿಸುವುದೂ ಊಟಕ್ಕೇ. ಇಲ್ಲೇನು ಮಾಡುತ್ತಿದ್ದೀ ಅಂತ ದೇವರು ಕೇಳುವುದು, ಅವನು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಕುಸಿದು ಬಿದ್ದವರನ್ನು ಕರೆತಂದರೆ ನಾವೂ ಮೊದಲು ಅವರ ಉಸಿರು, ಬಿಪಿ, ಶುಗರ್ ನೋಡುತ್ತೇವೆ. ಏನಾಯ್ತು, ಯಾಕಾಯ್ತು ಅನ್ನುವುದೆಲ್ಲ ಆಮೇಲೆ. ಇಷ್ಟು ವರ್ಷದಲ್ಲಿ ನನಗಿದು ಹೊಳೆದಿರಲಿಲ್ಲ ಅಲ್ವಾ!

ಕಬ್ಬಿಣದ ಮಾತ್ರೆ ಶುರು ಮಾಡಿದೆ. ಕಾಯರ್ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಬಿಟ್ಟೆ. ಸ್ತ್ರೀ ಸಮಾಜದ ಲೆಕ್ಕವನ್ನು ಬೇರೆಯವರು ನನಗಿಂತ ಚೆನ್ನಾಗಿ ಬರೆಯುತ್ತಿದ್ದಾರೆ. ಅದು ಸ್ವಲ್ಪ ಚುಚ್ಚಿತು.

ಆಮೇಲೆ ಅಜ್ಜಿ ನೆನಪಾದಳು. ನಮ್ಮದು ಹಳೇ ಬಾಸೆಲ್ ಮಿಷನ್ ಕುಟುಂಬ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಅದು. ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯಲ್ಲಿ ಅಜ್ಜನ ಅಪ್ಪ ದುಡಿದವರು. ಅಜ್ಜಿಯ ಭಾನುವಾರ ಶನಿವಾರವೇ ಶುರುವಾಗುತ್ತಿತ್ತು. ಮಧ್ಯಾಹ್ನವೇ ಮಸಾಲೆ ಅರೆದು, ಮಣ್ಣಿನ ಪಾತ್ರೆಯಲ್ಲಿ ಬಂಗುಡೆ ಸಾರು ಕುದಿಸಿ, ಸಂಜೆ ಕಡೆಯುವ ಕಲ್ಲನ್ನು ತೊಳೆದು ಅದರ ಮೇಲೆ ಒಂದು ಹಳೇ ಸೀರೆಯ ತುಂಡು ಹೊದಿಸುತ್ತಿದ್ದಳು. ಯಾಕಜ್ಜಿ ಅಂದರೆ, "ನಾಳೆ ಕರ್ತನ ದಿನ ಮಗಾ, ಕಲ್ಲಿಗೂ ರಜೆ" ಅನ್ನುವಳು. ನಮಗೆ ಅದು ಶುದ್ಧ ಜೈಲು. ಆಟ ಇಲ್ಲ, ಹೊಲಿಗೆ ಇಲ್ಲ. ಆದರೆ ಮುನ್ನಾದಿನದ ಮೀನು ಸಾರು ಮಾತ್ರ ಭಾರೀ ರುಚಿ.

ನನಗೆ ಭಾನುವಾರ ಸಿಗುವುದು ಡ್ಯೂಟಿ ಚಾರ್ಟಿನ ದಯೆ ಇದ್ದರೆ. ಆಫ್ ಬೀಳುವುದು ಹೆಚ್ಚಾಗಿ ಮಂಗಳವಾರ. ಸರಿ, ಮಂಗಳವಾರವೇ ಆಗಲಿ ಅಂದುಕೊಂಡೆ. ಯೆಹೂದ್ಯರ ಸಬ್ಬತ್ತು, ಅಂದರೆ ವಾರದ ವಿಶ್ರಾಂತಿಯ ದಿನ, ಹಿಂದಿನ ದಿನದ ಸೂರ್ಯಾಸ್ತದಿಂದ ಲೆಕ್ಕ, ಹಾಗಾಗಿ ನಾನೂ ಸೋಮವಾರ ಸಂಜೆಯಿಂದ ಹಿಡಿದೆ. ಮೊಬೈಲ್ ಆಫ್ ಮಾಡಿ ಅಕ್ಕಿ ಡಬ್ಬದ ಮೇಲೆ. ಏನಾದರೂ ಅರ್ಜೆಂಟ್ ಇದ್ದರೆ ಊರಿಂದ ಅಮ್ಮ ಇವರ ನಂಬರಿಗೆ ಮಾಡುತ್ತಾರೆ.

ಮೊದಲ ಮಂಗಳವಾರ ಪೂರ್ತಿ ಹಾಳು. ಹತ್ತು ಗಂಟೆಯೊಳಗೆ ಬೀರು ಖಾಲಿ ಮಾಡಿ ಬಟ್ಟೆ ಮಡಚುತ್ತಾ ಕೂತಿದ್ದೆ. ಸುಮ್ನೆ ಕೂರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಮಧ್ಯಾಹ್ನ ಕಾರಣವೇ ಇಲ್ಲದೆ ಅಳು ಬಂತು. ಹಿಂದಿನ ತಿಂಗಳು ನನ್ನ ಡ್ಯೂಟಿಯಲ್ಲೇ ತೀರಿಕೊಂಡ ಒಬ್ಬ ಹುಡುಗ ನೆನಪಾಗಿದ್ದ. ಅಳೋಕೂ ಅಲ್ಲಿಯವರೆಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಇನ್ನೊಂದು ತಪ್ಪು ನಿಧಾನವಾಗಿ ಕಂಡಿತು. ನಾನು ಕಾಲು ಚಾಚಿ ಕೂತಿದ್ದೆ, ಮನೆ ಕೆಲಸದ ಅಕ್ಕ ನೆಲ ಒರೆಸುತ್ತಿದ್ದರು. ಬೈಬಲಿನ ಧರ್ಮೋಪದೇಶಕಾಂಡದ ಐದನೇ ಅಧ್ಯಾಯದಲ್ಲಿ ಸಬ್ಬತ್ತಿನ ಆಜ್ಞೆ ಮನೆಯ ಯಜಮಾನನಿಗೆ ಮಾತ್ರ ಇಲ್ಲ. ಆಳಿಗೆ, ದಾಸಿಗೆ, ಎತ್ತು ಕತ್ತೆಗಳಿಗೂ ಅದೇ ರಜೆ; ನೀವೂ ಐಗುಪ್ತದಲ್ಲಿ ದಾಸರಾಗಿದ್ದವರು, ನೆನಪಿರಲಿ ಅನ್ನುತ್ತದೆ. ಮಂಗಳವಾರ ಬರಬೇಡಿ ಅಕ್ಕಾ, ಸಂಬಳ ಹಿಡಿಯೋದಿಲ್ಲ ಅಂದೆ. ಅವರಿಗೆ ನಂಬಿಕೆ ಬರಲು ಎರಡು ವಾರ ಬೇಕಾಯಿತು. ಆ ದಿನದ ಪಾತ್ರೆ ಸಿಂಕಿನಲ್ಲೇ ಬಿದ್ದಿರುತ್ತವೆ. ಇರಲಿ.

ಪ್ರಾರ್ಥನೆ ವಾಪಸ್ ಬಂದದ್ದು ಮಾತ್ರ ಮನೆಯಲ್ಲಲ್ಲ. ನೈಟ್ ಮುಗಿಸಿ ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಬೈಬಲಿನ ಒಂದು ಕೀರ್ತನೆಯನ್ನು ಮೆಲ್ಲಗೆ ಹೇಳಿಕೊಳ್ಳುವ ರೂಢಿ ಮಾಡಿಕೊಂಡಿದ್ದೆ. ಬೇಡಿಕೆಯ ಪಟ್ಟಿ ಇಲ್ಲ, ಬರೀ ಕೀರ್ತನೆ. ಹೆಚ್ಚಾಗಿ ಇಪ್ಪತ್ತಮೂರನೆಯದು, ಅಜ್ಜಿ ಕಲಿಸಿದ ಹಳೇ ಕನ್ನಡ ಬೈಬಲಿನ ಮಾತಲ್ಲೇ. ಒಂದು ದಿನ "ಹಸುರುಗಾವಲುಗಳಲ್ಲಿ ನನ್ನನ್ನು ತಂಗಿಸುತ್ತಾನೆ" ಅನ್ನುವಾಗ ತಲೆ ಎತ್ತಿದೆ. ಎದುರಿನ ಬೋರ್ಡಿನಲ್ಲಿ ಬರೆದಿತ್ತು, ಪ್ರಯಾಣಿಕರ ತಂಗುದಾಣ.

ಮಲಗಿಸುತ್ತಾನೆ ಅಂತಲ್ಲ, ತಂಗಿಸುತ್ತಾನೆ. ದಾರಿ ಇನ್ನೂ ಬಾಕಿ ಇರುವವರು ತಂಗುತ್ತಾರೆ. ಕೆಲಸವೆಲ್ಲ ಮುಗಿದ ಮೇಲೆ ವಿಶ್ರಾಂತಿ ಅಂತ ನಾನು ಕಾಯುತ್ತಾ ಇದ್ದೆ. ವಾರ್ಡಿನಲ್ಲಿ ಕೆಲಸ ಯಾವತ್ತು ಮುಗಿದಿದೆ? ಬಸ್ಸು ಬಂತು, ಹೋಯಿತು. ನಾನು ಅಲ್ಲೇ ಕೂತಿದ್ದೆ. ಎಷ್ಟೋ ತಿಂಗಳ ಮೇಲೆ ಯಾರೋ ಪಕ್ಕದಲ್ಲಿ ಕೂತಿದ್ದಾರೆ ಅನ್ನಿಸಿತು.

ಇದಾಗಿ ಎರಡು ವರ್ಷ. ಹಿಮೋಗ್ಲೋಬಿನ್ ಈಗ 12ರ ಹತ್ತಿರ. ನೈಟ್ ಅಷ್ಟೇ ಇವೆ. ಚಾರ್ಟ್ ಏರುಪೇರಾದರೆ ಮಂಗಳವಾರವೂ ಕೈ ತಪ್ಪುತ್ತದೆ, ಆ ವಾರ ನಾನು ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತೇನೆ.

ಈ ಸೋಮವಾರ ಡ್ಯೂಟಿ ಮುಗಿಸಿ ರಸೆಲ್ ಮಾರ್ಕೆಟ್ಟಿಗೆ ಹೋಗಿದ್ದೆ. ಬಂಗುಡೆ ಚೆನ್ನಾಗಿತ್ತು. ಸಾರು ಕುದಿಸಿ ಇಳಿಸಿ, ಮಿಕ್ಸಿ ಒರೆಸಿ, ಅದರ ಮೇಲೆ ಒಂದು ಟವೆಲ್ ಹೊದಿಸಿದೆ. ನಾಳೆ ದೋಸೆಗೆ ಚಟ್ನಿ ಇಲ್ವಾ ಅಂತ ಇವರು ಕೇಳಿದರು. ಬುಧವಾರ ಅಂದೆ.