ಪೀರ್ ರಿವ್ಯೂ ಹಿಯರಿಂಗ್ ಬಂದ್ರೆ, ಆ ಕುರ್ಚೀಲಿ ಕೂರೋರು ಯಾರು ಅಂತ ಮೊದಲು ಕೇಳಿ

ದಾವಣಗೆರೆ, ಮಣಿಪಾಲ, ಮೈಸೂರಲ್ಲಿ ಓದಿ ಅಮೆರಿಕದಲ್ಲಿ ರೆಸಿಡೆನ್ಸಿ ಮುಗಿಸಿ ಆಸ್ಪತ್ರೆ ಸೇರಿರೋ ನಮ್ಮ ಡಾಕ್ಟ್ರುಗಳಿಗೋಸ್ಕರ ಇದನ್ನ ಬರೀತಿದೀನಿ. ಒಂದಿನ ಮೆಡಿಕಲ್ ಸ್ಟಾಫ್ ಆಫೀಸಿಂದ ಪತ್ರ ಬರುತ್ತೆ, ನಿಮ್ಮ ಕೇಸುಗಳನ್ನ ಪೀರ್ ರಿವ್ಯೂ ಕಮಿಟಿ (ನಿಮ್ಮ ಕೆಲಸ ಪರಿಶೀಲಿಸೋ ಜೊತೆ ಡಾಕ್ಟ್ರುಗಳ ಸಮಿತಿ) ನೋಡಿದೆ, ಪ್ರಿವಿಲೇಜಸ್ (ಆ ಆಸ್ಪತ್ರೇಲಿ ರೋಗಿಗಳಿಗೆ ಚಿಕಿತ್ಸೆ ಕೊಡೋ ಅನುಮತಿ) ತೆಗೀಬೇಕು ಅಂತ ಶಿಫಾರಸು ಆಗಿದೆ ಅಂತ. ನಮ್ಮೋರಿಗೆ ಆಗ ಮೊದಲು ಹೊಳೆಯೋದು, ಮರ್ಯಾದೆ ಹೋಗೋದು ಬೇಡ, ರಿಸೈನ್ ಮಾಡಿ ಬೇರೆ ಊರಿಗೆ ಹೋಗ್ಬಿಡೋಣ ಅನ್ನೋದು. ದಯವಿಟ್ಟು ವಕೀಲರನ್ನ ಕೇಳದೆ ಹಾಗೆ ಮಾಡ್ಬೇಡಿ. ತನಿಖೆ ನಡೀತಿರೋವಾಗ ಪ್ರಿವಿಲೇಜಸ್ ಬಿಟ್ಟುಕೊಟ್ರೆ ಅದೂ ನ್ಯಾಷನಲ್ ಪ್ರಾಕ್ಟೀಷನರ್ ಡೇಟಾ ಬ್ಯಾಂಕಿಗೆ (ಡಾಕ್ಟ್ರುಗಳ ಮೇಲಿನ ಕ್ರಮಗಳ ಸರ್ಕಾರಿ ದಾಖಲೆಗೆ) ಹೋಗುತ್ತೆ, ಮುಂದೆ ಯಾವ ಆಸ್ಪತ್ರೆಗೆ ಅರ್ಜಿ ಹಾಕಿದ್ರೂ ಅವರು ಅದನ್ನ ನೋಡ್ಲೇಬೇಕು, ಕಾನೂನೇ ಹಾಗಿದೆ. ಎಚ್-1ಬಿ ವೀಸಾ ಮೇಲಿದ್ರೆ ಕೆಲಸ ಹೋದ ಮೇಲೆ ಅಮೆರಿಕದಲ್ಲಿರೋಕೆ ಹೆಚ್ಚಂದ್ರೆ 60 ದಿನ ಅಷ್ಟೇ.

ಆ ಶಿಫಾರಸನ್ನ ಪ್ರಶ್ನಿಸೋಕೆ ಇರೋ ಹಿಯರಿಂಗ್ (ವಿಚಾರಣೆ) ಪದ್ಧತಿಗೆ ಆಧಾರ 1986ರ ಹೆಲ್ತ್ ಕೇರ್ ಕ್ವಾಲಿಟಿ ಇಂಪ್ರೂವ್‌ಮೆಂಟ್ ಆಕ್ಟ್. ಆರೆಗಾನಿನ ಆಸ್ಟೋರಿಯಾ ಅನ್ನೋ ಸಣ್ಣ ಊರಲ್ಲಿ ಪ್ಯಾಟ್ರಿಕ್ ಅನ್ನೋ ಸರ್ಜನ್ ಅಲ್ಲಿನ ಕ್ಲಿನಿಕ್ಕಿಗೆ ಪಾರ್ಟ್‌ನರ್ ಆಗೋಕೆ ಒಪ್ಪದೆ ಸ್ವಂತ ಪ್ರಾಕ್ಟೀಸ್ ಶುರುಮಾಡಿದ್ರು, ಆಮೇಲೆ ಅದೇ ಕ್ಲಿನಿಕ್ಕಿನೋರು ಪೀರ್ ರಿವ್ಯೂ ಹೆಸರಲ್ಲಿ ಅವರ ಮೇಲೆ ಬಿದ್ರು ಅಂತ ಕೇಸಾಯ್ತು, 1988ರಲ್ಲಿ ಸುಪ್ರೀಂ ಕೋರ್ಟು ಪ್ಯಾಟ್ರಿಕ್ ಪರವಾಗಿ ತೀರ್ಪು ಕೊಡ್ತು. ಪೈಪೋಟಿಗಿರೋನೇ ನ್ಯಾಯ ಹೇಳೋಕೆ ಕೂತ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ. 1986ರ ಕಾನೂನು ಹೇಳೋದು, ಆಸ್ಪತ್ರೆ ನೇಮಿಸೋ ಹಿಯರಿಂಗ್ ಆಫೀಸರ್ (ವಿಚಾರಣೆ ನಡೆಸೋರು) ಆಗ್ಲಿ, ತೀರ್ಮಾನ ಕೊಡೋ ಪ್ಯಾನೆಲ್‌ನೋರಾಗ್ಲಿ ನಿಮ್ಮ ಜೊತೆ ನೇರ ವ್ಯಾಪಾರದ ಪೈಪೋಟೀಲಿ ಇರಬಾರದು. ಹಿಯರಿಂಗ್ ಕೇಳೋಕೆ ಕನಿಷ್ಠ 30 ದಿನ ಕೊಡ್ಬೇಕು, ವಕೀಲರನ್ನ ಕರ್ಕೊಂಡು ಹೋಗಬಹುದು, ಸಾಕ್ಷಿಗಳನ್ನ ಪಾಟೀಸವಾಲು ಮಾಡಬಹುದು.

ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಗಟ್ಟಿ. ಅಲ್ಲಿ ಹಿಯರಿಂಗ್ ಆಫೀಸರ್‌ಗೆ ವೋಟಿಲ್ಲ, ಆಸ್ಪತ್ರೆ ಪರ ವಾದ ಮಾಡೋ ಹಾಗಿಲ್ಲ, ಫಲಿತಾಂಶದಿಂದ ನೇರ ದುಡ್ಡಿನ ಲಾಭ ಇರಬಾರದು, ಮತ್ತೆ ಅವರನ್ನೂ ಪ್ಯಾನೆಲ್‌ನೋರನ್ನೂ ನೀವು ಮೊದಲೇ ಪ್ರಶ್ನೆ ಕೇಳಿ ಆಕ್ಷೇಪಣೆ ಹಾಕಬಹುದು. ಆದ್ರೆ ಆ ಆಫೀಸರ್‌ಗೆ ಫೀಸ್ ಕೊಡೋದು ಸಾಮಾನ್ಯವಾಗಿ ಆಸ್ಪತ್ರೆನೇ, ಇವತ್ತು ಅವರಿಗೆ ಬೇಡವಾದ ತೀರ್ಮಾನ ಕೊಟ್ರೆ ನಾಳೆ ಮತ್ತೆ ಕರೀತಾರಾ? 2021ರಲ್ಲಿ ನಟರಾಜನ್ ಅನ್ನೋ ಡಾಕ್ಟರ ಕೇಸಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಇದೇ ಪ್ರಶ್ನೆ ನೋಡ್ತು. ಮುಂದೆ ಕೆಲಸ ಸಿಗಬಹುದು ಅನ್ನೋದೊಂದೇ ಸಾಲದು, ಪಕ್ಷಪಾತದ ಅಪಾಯ ಸಹಿಸೋಕಾಗದಷ್ಟು ಇದೆ ಅಂತ ತೋರಿಸ್ಬೇಕು ಅಂತು. ಅಂದ್ರೆ ವಿವರ ಕೆದಕೋ ಭಾರ ನಿಮ್ಮ ಮೇಲಿದೆ. ಈ ಆಸ್ಪತ್ರೆಗೆ, ಇದೇ ಗ್ರೂಪಿನ ಬೇರೆ ಆಸ್ಪತ್ರೆಗಳಿಗೆ ಎಷ್ಟು ಹಿಯರಿಂಗ್ ನಡೆಸಿದೀರಿ, ಆಸ್ಪತ್ರೆ ವಕೀಲರ ಜೊತೆ ಮುಂಚೆ ಕೆಲಸ ಮಾಡಿದೀರಾ, ಈ ನೇಮಕ ಯಾರು ಮಾಡಿದ್ರು, ಇವೆಲ್ಲ ಲಿಖಿತವಾಗಿ ಕೇಳಿ. ದೊಡ್ಡೋರನ್ನ ಹಾಗೆಲ್ಲ ಕೇಳಬಾರದು ಅಂತ ನಮ್ಮನ್ನ ಬೆಳೆಸಿದಾರೆ, ಇಲ್ಲಿ ಕೇಳದೇ ಇದ್ರೆ ಒಪ್ಪಿದ ಹಾಗೆ ಅಂತ ಆಮೇಲೆ ಹೇಳಬಹುದು. ಸರಿಹೋಗ್ಲಿಲ್ಲ ಅಂದ್ರೆ ಅಮೆರಿಕನ್ ಹೆಲ್ತ್ ಲಾ ಅಸೋಸಿಯೇಷನ್‌ನ ಪಟ್ಟಿಯಿಂದ ಇಬ್ಬರಿಗೂ ಒಪ್ಪೋ ಒಬ್ಬರನ್ನ ಆರಿಸೋಣ ಅಂತ ನಿಮ್ಮ ವಕೀಲರು ಕೇಳಬಹುದು.

ಒಳ್ಳೆ ಆಫೀಸರ್‌ನ ಗುರುತು ಏನು ಅಂದ್ರೆ ಅವರು ಪ್ಯಾನೆಲ್‌ನೋರನ್ನ ತಯಾರು ಮಾಡೋ ರೀತಿ, ಯಾಕಂದ್ರೆ ನಾವು ಡಾಕ್ಟ್ರುಗಳಿಗೆ ಸಾಕ್ಷ್ಯ ತೂಗೋದನ್ನ ಯಾರೂ ಕಲಿಸಿರಲ್ಲ. ನಾನು ಒಂದ್ಸಲ ಪ್ಯಾನೆಲ್‌ನಲ್ಲಿ ಕೂತಿದ್ದೆ. ಮೊದಲ ದಿನ ಬೆಳಿಗ್ಗೆ ಎರಡೂ ಕಡೆ ವಕೀಲರ ಮುಂದೇನೇ ಆಫೀಸರ್ ನಮಗೆ ಒಂದು ಗಂಟೆ ಪಾಠ ಮಾಡಿದ್ರು: ನಾನಾಗಿದ್ರೆ ಹೀಗೆ ಮಾಡ್ತಿರ್ಲಿಲ್ಲ ಅನ್ನೋದು ತಪ್ಪಿಗೆ ಪುರಾವೆ ಅಲ್ಲ, ಈ ಕೋಣೇಲಿ ಕೇಳಿದ್ದು ಬಿಟ್ಟು ಬೇರೇನೂ ಲೆಕ್ಕಕ್ಕಿಲ್ಲ ಅಂತ. ಅದೇ ಮಧ್ಯಾಹ್ನ ಕೆಫೆಟೀರಿಯಾ ಕ್ಯೂನಲ್ಲಿ ಒಬ್ಬ ಹಿರಿಯ ಸರ್ಜನ್ ಬಂದು ಆ ಡಾಕ್ಟರ್ ಕಥೆ ನಿಂಗೊತ್ತಾ ಅಂತ ಶುರುಮಾಡಿದ್ರು, ನಾನು ಟ್ರೇ ಎತ್ಕೊಂಡು ಬೇರೆ ಟೇಬಲ್ಲಿಗೆ ಹೋದೆ, ವಾಪಸ್ ಬಂದು ಆಫೀಸರ್‌ಗೆ ಹೇಳಿದೆ, ಅವರು ತಕ್ಷಣ ಸ್ಟೆನೋ ಯಂತ್ರದ ಮುಂದೆ ಕೂತ ರಿಪೋರ್ಟರಿಗೆ ಬರ್ಕೊಳ್ಳೋಕೆ ಹೇಳಿ, ಆರೋಪ ಹೊತ್ತ ಡಾಕ್ಟರ ವಕೀಲರಿಗೆ ನನ್ನನ್ನ ಮತ್ತೆ ಪ್ರಶ್ನೆ ಮಾಡೋಕೆ ಬಿಟ್ರು. ಹತ್ತು ನಿಮಿಷ ಕೇಳಿದ್ರು, ಆಕ್ಷೇಪಣೆ ಇಲ್ಲ ಅಂದ್ರು.

ನಿಮ್ಮ ಆಸ್ಪತ್ರೇಲಿ ಪ್ಯಾನೆಲ್ಲಿಗೆ ಜನ ಬೇಕು ಅಂತ ಕೇಳಿದಾಗ ಕೆಲಸ ಜಾಸ್ತಿ ಅಂತ ತಪ್ಪಿಸ್ಕೋಬೇಡಿ, ಹೆಸರು ಕೊಡಿ, ಜೊತೆಗೆ ಆಸ್ಪತ್ರೆ ಡಾಕ್ಟ್ರುಗಳ ನಿಯಮಾವಳಿ ಅಂದ್ರೆ ಮೆಡಿಕಲ್ ಸ್ಟಾಫ್ ಬೈಲಾಸ್‌ನಲ್ಲಿ ಹಿಯರಿಂಗ್ ಬಗ್ಗೆ ಇರೋ ಭಾಗನ ಈ ವಾರಾನೇ ಓದಿಡಿ.